ತ್ರಾಸಿನ ಗಾಜಿನ ಮನೆ

ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ಓದಿದವರಿಗೆಲ್ಲ ಒಂದು ನೋಟ ನೆನಪಿರಬೇಕು. ರಸಾಯನಶಾಸ್ತ್ರ ಪ್ರಯೋಗಶಾಲೆಯ ಪಕ್ಕದಲ್ಲೊಂದು ಪುಟ್ಟ ಕೊಠಡಿ, ಗೋಡೆಗೆ ಹೊಂದಿಸಿ ಕಟ್ಟಿದ ಕಲ್ಲುಚಪ್ಪಡಿ, ಅದರ ಮೇಲೆ ಸಾಲಾಗಿ ಮರದ ಚೌಕಟ್ಟಿನ ಗಾಜಿನ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯೊಳಗೂ ಒಂದೊಂದು ತ್ರಾಸು. ಒಳಗೆ ಕಾಲಿಟ್ಟೊಡನೆ ಮೇಷ್ಟರ ಆಜ್ಞೆಗಳು ಒಂದರ ಹಿಂದೊಂದು ಬರುತ್ತಿದ್ದವು. ಫ್ಯಾನು ಹಾಕಬೇಡಿ. ತೂಕದ ಬೊಟ್ಟುಗಳನ್ನು ಕೈಯಿಂದ ಮುಟ್ಟಬೇಡಿ, ಚಿಮಟದಿಂದ ಎತ್ತಿ. ತಟ್ಟೆಯ ಮೇಲೆ ಬಾಯಿಂದ ಊದಬೇಡಿ. ಗುಂಡಿ ತಿರುಗಿಸಿ ದಂಡವನ್ನು ಕೆಳಗಿಳಿಸದೆ ಯಾವುದನ್ನೂ ಇಡಬೇಡಿ, ತೆಗೆಯಬೇಡಿ. ದೇವರ ಮನೆಯಲ್ಲೂ ಇಷ್ಟು ಮಡಿ ಇರುವುದಿಲ್ಲ ಎಂದು ನಾವು ಗೊಣಗುತ್ತಿದ್ದೆವು. ಈ ಮಡಿ ಎಲ್ಲಿಂದ ಬಂತು ಎಂದು ಕೇಳುವಷ್ಟು ವ್ಯವಧಾನ ಆಗ ನಮಗಿರಲಿಲ್ಲ. ಈ ಪುಟಗಳಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕೋಣ.

ಈ ಗಾಜಿನ ಪೆಟ್ಟಿಗೆ ಶುಚಿಯಾದ ವಿಶ್ವವಿದ್ಯಾಲಯಗಳ ಕೂಸು ಎಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವವಾಗಿ ಅದರ ಬೇರುಗಳಿರುವುದು ಗಣಿಯ ಧೂಳು, ಕುಲುಮೆಯ ಹೊಗೆಗಳ ನಡುವೆ. ಅತ್ಯಂತ ಸೂಕ್ಷ್ಮವಾದುದನ್ನು ಅತ್ಯಂತ ಕೊಳಕು ಜಾಗದಲ್ಲಿ ತೂಗಬೇಕಾಗಿ ಬಂದವರಿಗೆ ಮೊದಲು ಇದರ ಅಗತ್ಯ ಬಿತ್ತು.

ತೂಕದ ವಿಷಯದಲ್ಲಿ ಎಚ್ಚರಿಕೆ ನಮ್ಮ ದೇಶಕ್ಕೆ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ, ಅಳತೆಗಳನ್ನು ನೋಡಿಕೊಳ್ಳಲೆಂದೇ ಒಬ್ಬ ಅಧ್ಯಕ್ಷನಿದ್ದಾನೆ. ತೂಕದ ಕಲ್ಲುಗಳನ್ನು ಕಬ್ಬಿಣದಿಂದ, ಇಲ್ಲವೆ ಮಗಧ ಮತ್ತು ಮೇಕಲ ಪ್ರದೇಶಗಳ ಶಿಲೆಯಿಂದ, ಅಥವಾ ನೀರಿಗೂ ಬಿಸಿಗೂ ಹಿಗ್ಗದ ಕುಗ್ಗದ ವಸ್ತುವಿನಿಂದ ಮಾಡಬೇಕೆಂಬ ನಿಯಮ ಅಲ್ಲಿದೆ. ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ತೂಗುತ್ತಿದ್ದರು. ಒಂದು ಗುಲಗಂಜಿಯ ತೂಕ ಸುಮಾರು 0.12 ಗ್ರಾಂ, ಅಂಥ 96 ಸೇರಿದರೆ 11.66 ಗ್ರಾಮಿನ ಒಂದು ತೊಲ. ಒಡವೆ ಮಾಡುವವನಿಗೆ ಅಷ್ಟು ಸೂಕ್ಷ್ಮತೆ ಸಾಕಾಗಿತ್ತು. ಅವನ ಅಂಗಡಿಯ ಧೂಳಿಗೂ ಬೆಲೆಯಿತ್ತು ಎಂಬುದನ್ನು ಮಾತ್ರ ಇಲ್ಲಿ ನೆನಪಿಡಿ. ಅರದಿಂದ ಉದುರಿದ ಚಿನ್ನದ ಪುಡಿ ನೆಲದ ಕಸದಲ್ಲಿ ಬೆರೆತಿರುತ್ತಿದ್ದುದರಿಂದ ಆ ಕಸವನ್ನು ಜಲಗಾರರು ಕೊಂಡೊಯ್ದು, ನೀರಿನಲ್ಲಿ ಜಾಲಿಸಿ ಚಿನ್ನ ತೆಗೆಯುತ್ತಿದ್ದರು. ಈ ಸಂಗತಿ ಮುಂದೆ ನಮಗೆ ಬೇಕಾಗುತ್ತದೆ.

ಈಗ ಹದಿನಾರನೆಯ ಶತಮಾನದ ಮಧ್ಯ ಯೂರೋಪಿಗೆ ಹೋಗೋಣ. ಸ್ಯಾಕ್ಸನಿ ಮತ್ತು ಬೊಹೇಮಿಯಗಳ ನಡುವಿನ ಬೆಟ್ಟಸಾಲಿನಲ್ಲಿ ಬೆಳ್ಳಿಯ ಗಣಿಗಳಿದ್ದವು. ಅವುಗಳಲ್ಲಿ ಯೋಆಖಿಮ್ಸ್‌ಟಾಲ್ ಎಂಬ ಊರಿನ ಬೆಳ್ಳಿ ನಾಣ್ಯಕ್ಕೆ ಟಾಲರ್ ಎಂದು ಹೆಸರಾಗಿ, ಅದರಿಂದಲೇ ಮುಂದೆ ಡಾಲರ್ ಎಂಬ ಪದ ಹುಟ್ಟಿತು. ಆ ಊರಿಗೆ 1527ರಲ್ಲಿ ವೈದ್ಯನಾಗಿ ಬಂದವನು ಜಾರ್ಜಿಯಸ್ ಅಗ್ರಿಕೋಲ. ರೋಗಿಗಳನ್ನು ನೋಡುತ್ತ, ಬಿಡುವಿದ್ದಾಗಲೆಲ್ಲ ಗಣಿ ಕುಲುಮೆಗಳನ್ನು ಸುತ್ತುತ್ತ ಅವನು ಗಣಿಗಾರಿಕೆಯ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಬರೆದ. ಲ್ಯಾಟಿನ್ ಭಾಷೆಯ ಆ ‘ಡಿ ರೆ ಮೆಟಾಲಿಕ’ ಅವನು ತೀರಿಕೊಂಡ ಮರುವರ್ಷ, 1556ರಲ್ಲಿ, ಬಾಸೆಲ್ ನಗರದಲ್ಲಿ ಅಚ್ಚಾಯಿತು. 1912ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಹರ್ಬರ್ಟ್ ಹೂವರ್ ಮತ್ತು ಅವರ ಪತ್ನಿ ಲೂ ಹೆನ್ರಿ ಹೂವರ್. ಗಣಿ ಎಂಜಿನಿಯರಾಗಿದ್ದ ಆ ಹೂವರ್ ಮುಂದೆ ಅಮೆರಿಕದ ಅಧ್ಯಕ್ಷರಾದರು.

ಆ ಪುಸ್ತಕದ ಏಳನೆಯ ಭಾಗ ಅದಿರಿನ ಪರೀಕ್ಷೆಗೆ ಮೀಸಲು. ಅಲ್ಲಿ ಮೂರು ತ್ರಾಸುಗಳ ಒಂದು ಮರಗೆತ್ತನೆ ಚಿತ್ರವಿದೆ. ಮೊದಲನೆಯದು ಒರಟು ಕೆಲಸಕ್ಕೆ, ಎರಡನೆಯದು ಅದಿರನ್ನು ತೂಗುವುದಕ್ಕೆ, ಮೂರನೆಯದು ಕೊನೆಯಲ್ಲಿ ಸಿಗುವ ಬೆಳ್ಳಿ ಅಥವಾ ಚಿನ್ನದ ಚಿಕ್ಕ ಮಣಿಯನ್ನು ತೂಗುವುದಕ್ಕೆ. ಮೊದಲ ಎರಡು ಬಯಲಿನಲ್ಲೇ ಇವೆ. ಮೂರನೆಯದನ್ನು ಮಾತ್ರ ಒಂದು ಪೆಟ್ಟಿಗೆಯೊಳಗೆ ಇರಿಸಲಾಗಿದೆ. ನಮ್ಮ ಕಾಲೇಜಿನ ಗಾಜಿನ ಮನೆಯ ಪೂರ್ವಜ ಇದೇ. ಗಾಳಿ ತಗುಲಬಾರದು, ಕುಲುಮೆಯ ಬೂದಿ ಬೀಳಬಾರದು ಎಂಬ ಎರಡೂ ಕಾರಣಗಳಿಗೆ ಅದು ಒಂದೇ ಪರಿಹಾರವಾಗಿತ್ತು.

ಮಣಿಯನ್ನು ಪಡೆಯುವ ವಿಧಾನ ಆಗಿನಿಂದ ಈಗಿನವರೆಗೆ ಮೂಲದಲ್ಲಿ ಬದಲಾಗಿಲ್ಲ. ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ, ಅದಕ್ಕೆ ಸೀಸದ ಆಕ್ಸೈಡು, ಸೋಡ, ಬಿಳಿಗಾರ, ಒಂದಿಷ್ಟು ಗೋಧಿ ಹಿಟ್ಟು ಬೆರೆಸಿ ಮೂಸೆಯಲ್ಲಿಟ್ಟು ಕಾಯಿಸುತ್ತಾರೆ. ಹಿಟ್ಟಿನ ಇಂಗಾಲದಿಂದ ಸೀಸ ಬಿಡುಗಡೆಯಾಗಿ, ಹನಿಹನಿಯಾಗಿ ಕೆಳಗಿಳಿಯುತ್ತ, ದಾರಿಯಲ್ಲಿ ಸಿಕ್ಕ ಚಿನ್ನ ಬೆಳ್ಳಿಗಳನ್ನೆಲ್ಲ ತನ್ನೊಳಗೆ ಸೆಳೆದುಕೊಂಡು ತಳ ಸೇರುತ್ತದೆ. ಆ ಸೀಸದ ಗುಂಡನ್ನು ಮೂಳೆಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವು ಆಕ್ಸೈಡಾಗಿ ಬಟ್ಟಲಿಗೆ ಹೀರಿಹೋಗಿ, ಬೆಳ್ಳಿ ಚಿನ್ನಗಳ ಮಣಿ ಮಾತ್ರ ಉಳಿಯುತ್ತದೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಕರಗಿಸಿದರೆ ಉಳಿಯುವುದು ಅಪ್ಪಟ ಚಿನ್ನ. ಅದನ್ನು ತೂಗಬೇಕು. ಎಲ್ಲವೂ ನಿಂತಿರುವುದು ಈ ಕೊನೆಯ ತೂಕದ ಮೇಲೆ.

ಆ ಚಿನ್ನ ಎಷ್ಟಿರುತ್ತದೆ? ಇದನ್ನು ತಿಳಿಯಲು ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರಲ್ಲಿ ಅಲ್ಲಿಗೆ ಕಾಲಿಟ್ಟ ಮೇಲೆ ಸಿಕ್ಕ ಚಾಂಪಿಯನ್ ಅದಿರುಪಟ್ಟಿಯಲ್ಲಿ ಆರಂಭದ ವರ್ಷಗಳಲ್ಲಿ ಟನ್ನಿಗೆ ಒಂದು ಔನ್ಸಿಗೂ ಮೇಲ್ಪಟ್ಟು ಚಿನ್ನ ಬರುತ್ತಿತ್ತು. ಟ್ರಾಯ್ ಔನ್ಸ್ ಎಂದರೆ 31.1 ಗ್ರಾಂ. ಬ್ರಿಟಿಷ್ ಪದ್ಧತಿಯ ಪರೀಕ್ಷಕರು ಇದಕ್ಕಾಗಿ ಒಂದು ಜಾಣ ಲೆಕ್ಕ ಕಂಡುಕೊಂಡಿದ್ದರು. 2,240 ಪೌಂಡಿನ ಒಂದು ಟನ್ನಿನಲ್ಲಿ ಎಷ್ಟು ಟ್ರಾಯ್ ಔನ್ಸುಗಳಿವೆಯೋ ಅಷ್ಟೇ ಮಿಲಿಗ್ರಾಂ ತೂಗುವ ಪುಡಿಯನ್ನು, ಎಂದರೆ 32.667 ಗ್ರಾಮನ್ನು, ತೆಗೆದುಕೊಂಡರೆ, ಕೊನೆಗೆ ಉಳಿಯುವ ಚಿನ್ನ ಎಷ್ಟು ಮಿಲಿಗ್ರಾಂ ಇರುತ್ತದೆಯೋ ಅದಿರಿನಲ್ಲಿ ಟನ್ನಿಗೆ ಅಷ್ಟೇ ಔನ್ಸ್ ಚಿನ್ನವಿದೆ ಎಂದರ್ಥ. ಗುಣಾಕಾರ ಭಾಗಾಕಾರದ ಗೋಜೇ ಇಲ್ಲ. ಈ 32.667 ಗ್ರಾಮಿಗೆ ಅಸ್ಸೇ ಟನ್ ಎಂದೇ ಹೆಸರು. ಮೇಲೆ ಹೇಳಿದ ಶ್ರೀಮಂತ ಅದಿರಿನಲ್ಲಿ ಹೀಗೆ ದೊರೆಯುವ ಚಿನ್ನ ಒಂದೆರಡು ಮಿಲಿಗ್ರಾಂ. ಗುಲಗಂಜಿಯ ನೂರನೆಯ ಒಂದು ಪಾಲು ಎನ್ನಿ.

ಗಣಿಗೆ ವಯಸ್ಸಾದಂತೆ ಅದಿರು ಬಡವಾಯಿತು. ಕೊನೆಕೊನೆಗೆ ಟನ್ನಿಗೆ ಕೆಲವೇ ಗ್ರಾಂ. ಟನ್ನಿಗೆ 5 ಗ್ರಾಂ ಇರುವ ಅದಿರಿನ 30 ಗ್ರಾಂ ಪುಡಿಯಿಂದ ಬರುವ ಚಿನ್ನ ಕೇವಲ 0.15 ಮಿಲಿಗ್ರಾಂ, ಎಂದರೆ ಗುಲಗಂಜಿಯ ಎಂಟುನೂರನೆಯ ಒಂದು ಪಾಲು. ಇದನ್ನು ತೂಗುವ ತ್ರಾಸು ಮಿಲಿಗ್ರಾಮಿನ ನೂರನೆಯ ಒಂದು ಭಾಗವನ್ನಾದರೂ ತೋರಿಸಬೇಕು. ಅಷ್ಟು ತೋರಿಸಿದರೂ ಆ ನೂರನೆಯ ಒಂದು ಭಾಗದ ತಪ್ಪು, ಟನ್ನಿಗೆ ಒಂದು ಗ್ರಾಮಿನ ಮೂರನೆಯ ಒಂದು ಪಾಲಿನ ತಪ್ಪಾಗುತ್ತದೆ. ದಿನಕ್ಕೆ ಸಾವಿರ ಟನ್ ಅದಿರು ಎತ್ತುವ ಗಣಿಯ ಲೆಕ್ಕದ ಪುಸ್ತಕದಲ್ಲಿ ಅದು ಪ್ರತಿದಿನ 300 ಗ್ರಾಮಿಗೂ ಹೆಚ್ಚು ಚಿನ್ನ. ಇಲ್ಲದ ಚಿನ್ನ ಇದೆಯೆಂದೋ, ಇರುವ ಚಿನ್ನ ಇಲ್ಲವೆಂದೋ ಬರೆದಂತಾಯಿತು. ನೆಲದಡಿಯ ಒಂದು ಭಾಗವನ್ನು ಅಗೆಯುವುದನ್ನು ಮುಂದುವರಿಸಬೇಕೇ, ಕೈಬಿಡಬೇಕೇ ಎಂಬ ತೀರ್ಮಾನ ಆಗುತ್ತಿದ್ದುದು ಇಂಥ ಅಂಕಿಗಳ ಮೇಲೆ. ಆ ತೀರ್ಮಾನದ ಹಿಂದೆ ನೂರಾರು ಜನರ ಕೆಲಸವಿರುತ್ತಿತ್ತು.

ಮಿಲಿಗ್ರಾಮಿನ ನೂರನೆಯ ಒಂದು ಭಾಗ ಎಂದರೆ ಎಷ್ಟು? ನೀವೇ ಲೆಕ್ಕ ಹಾಕಬಹುದು. ಬೆಣಚುಕಲ್ಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.65 ಗ್ರಾಂ. ಮಿಲಿಮೀಟರಿನ ಐದನೆಯ ಒಂದು ಭಾಗ ವ್ಯಾಸವಿರುವ ಒಂದು ಮರಳಿನ ಕಾಳು ಸುಮಾರು 0.011 ಮಿಲಿಗ್ರಾಂ ತೂಗುತ್ತದೆ. ಕಣ್ಣಿಗೆ ಬಿದ್ದರೂ ಬೀಳದಂತಿರುವ ಒಂದೇ ಒಂದು ಮರಳುಕಾಳು ತಟ್ಟೆಯ ಮೇಲೆ ಬಂದು ಕೂತರೆ ಮೇಲಿನ ಲೆಕ್ಕವೆಲ್ಲ ಅಡಿಮೇಲು.

ಇಂಥ ಕಾಳುಗಳಿಗೆ ಗಣಿಯ ಊರಿನಲ್ಲಿ ಬರವೆಲ್ಲಿ? ಅದಿರನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿಯುವ ಹಿಟ್ಟಿನಂಥ ಪುಡಿಯನ್ನು ಊರ ಪಕ್ಕದಲ್ಲೇ ಸುರಿಯಲಾಗುತ್ತಿತ್ತು. ಹೀಗೆ ಬೆಳೆದ ಬೂದುಬಣ್ಣದ ದಿಬ್ಬಗಳನ್ನು ಕೋಲಾರದ ಕಡೆಯವರು ಇಂದಿಗೂ ಸೈನೈಡ್ ದಿಬ್ಬ ಎಂದೇ ಕರೆಯುತ್ತಾರೆ. ಗಾಳಿಯ ದಿನಗಳಲ್ಲಿ ಅದರ ಧೂಳು ಕಿಟಕಿ ಬಾಗಿಲುಗಳ ಸಂದಿನಲ್ಲಿ ನುಗ್ಗಿ ಅನ್ನದ ತಟ್ಟೆಯವರೆಗೂ ಬರುವುದನ್ನು ಅಲ್ಲಿನವರು ಹೇಳುತ್ತಾರೆ. ಅನ್ನದ ತಟ್ಟೆಗೆ ಬರುವ ಧೂಳಿಗೆ ತ್ರಾಸಿನ ತಟ್ಟೆ ದೂರವೇನಲ್ಲ. ಅದಿರು ಬಡವಾದಷ್ಟೂ ದಿಬ್ಬ ಎತ್ತರವಾಯಿತು, ತೂಗಬೇಕಾದ ಚಿನ್ನ ಚಿಕ್ಕದಾಯಿತು. ತ್ರಾಸಿನ ಮೇಲಿನ ಹೊರೆ ಹೀಗೆ ಎರಡು ಕಡೆಯಿಂದಲೂ ಏರುತ್ತ ಹೋಯಿತು.

ಧೂಳಿನಲ್ಲಿ ಎರಡು ಬಗೆಯನ್ನು ಗುರುತಿಸಬೇಕು. ತಟ್ಟೆಯ ಮೇಲೆ ಬೀಳುವ ಧೂಳು ಒಂದು ರೀತಿಯಲ್ಲಿ ಪ್ರಾಮಾಣಿಕ ಶತ್ರು. ತೂಗುವ ಮೊದಲು ಖಾಲಿ ತ್ರಾಸನ್ನು ಆಡಿಸಿ ಶೂನ್ಯ ಎಲ್ಲಿ ನಿಲ್ಲುತ್ತದೆಂದು ನೋಡಿದರೆ ಅದು ಸಿಕ್ಕಿಬೀಳುತ್ತದೆ. ಒಂಟೆಕೂದಲಿನ ಕುಂಚದಿಂದ ಸವರಿದರೆ ಹೋಗುತ್ತದೆ. ಎರಡನೆಯದು ಅಲಗಿಗೆ ಸೇರುವ ಧೂಳು. ಇದು ಸುಳ್ಳುಗಾರ.

ಅಲಗು ಎಂದರೇನು? ತ್ರಾಸಿನ ದಂಡದಲ್ಲಿ ಮೂರು ಕಡೆ ಪಟ್ಟಕದ ಆಕಾರದ ತುಂಡುಗಳಿರುತ್ತವೆ. ನಡುವಿನ ಅಲಗು ಕೆಳಮುಖವಾಗಿ, ಕಂಬದ ಮೇಲಿನ ನುಣುಪಾದ ಹಲಗೆಯ ಮೇಲೆ ನಿಂತಿರುತ್ತದೆ. ತುದಿಗಳ ಎರಡು ಅಲಗುಗಳು ಮೇಲ್ಮುಖವಾಗಿದ್ದು ತಟ್ಟೆಗಳನ್ನು ಹೊರುತ್ತವೆ. ಅಂಚು ಹರಿತವಾಗಿ, ನೇರವಾಗಿ ಇದ್ದಷ್ಟೂ ಘರ್ಷಣೆ ಕಡಿಮೆ, ದಂಡ ಸ್ವತಂತ್ರವಾಗಿ ತೂಗುತ್ತದೆ. ಅಂಚು ಮೊಂಡಾದರೆ ಅಥವಾ ಅದರಡಿಗೆ ಒಂದು ಕಣ ಸಿಕ್ಕಿಕೊಂಡರೆ ತ್ರಾಸು ಸೋಮಾರಿಯಾಗುತ್ತದೆ. ಒಮ್ಮೆ ಇಲ್ಲಿ ನಿಂತರೆ ಇನ್ನೊಮ್ಮೆ ಅಲ್ಲಿ ನಿಲ್ಲುತ್ತದೆ. ಒಂದೇ ವಸ್ತುವಿಗೆ ಮೂರು ಸಲ ಮೂರು ತೂಕ. ಸುಳ್ಳು ಒಂದೇ ತೆರನಾಗಿದ್ದರೆ ತಿದ್ದಬಹುದು, ಸಲಸಲಕ್ಕೂ ಬದಲಾಗುವ ಸುಳ್ಳನ್ನು ಯಾವ ಲೆಕ್ಕವೂ ತಿದ್ದಲಾರದು. ಫ್ರಾನ್ಸಿನ ಬೋರ್ಡ ಎಂಬ ವಿಜ್ಞಾನಿ ಹದಿನೆಂಟನೆಯ ಶತಮಾನದಲ್ಲಿ ಬಳಕೆಗೆ ತಂದ ಬದಲಿ ತೂಕದ ವಿಧಾನ ಬಹಳ ಸೊಗಸಾದುದು. ವಸ್ತುವನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದು ಕಡೆ ಏನನ್ನಾದರೂ ಹಾಕಿ ಸಮ ಮಾಡಿ, ಆ ಬಳಿಕ ವಸ್ತುವನ್ನು ತೆಗೆದು ಅದೇ ತಟ್ಟೆಯಲ್ಲಿ ತೂಕದ ಬೊಟ್ಟುಗಳನ್ನಿಡುವುದು. ದಂಡದ ಎರಡು ತೋಳುಗಳ ಉದ್ದದಲ್ಲಿ ವ್ಯತ್ಯಾಸವಿದ್ದರೂ ಆಗ ಬಾಧಕವಿಲ್ಲ. ಆದರೆ ಅಲಗಿನ ಘರ್ಷಣೆಯ ಮುಂದೆ ಬೋರ್ಡನ ಜಾಣತನವೂ ನಡೆಯುವುದಿಲ್ಲ.

ಅಲಗನ್ನು ಯಾವುದರಿಂದ ಮಾಡಬೇಕೆಂಬುದು ಆದ್ದರಿಂದ ದೊಡ್ಡ ಪ್ರಶ್ನೆಯಾಯಿತು. 1780ರ ದಶಕದಲ್ಲಿ ಪ್ಯಾರಿಸಿನಲ್ಲಿ ಲವಾಸಿಯೇಗೆ ಫೋರ್ತಿನ್ ಮತ್ತು ಮೆನ್ಯೇ ಎಂಬ ಕುಶಲಕರ್ಮಿಗಳು ಮಾಡಿಕೊಟ್ಟ ತ್ರಾಸುಗಳು ಪ್ರಸಿದ್ಧ. ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯರಾಶಿ ನಾಶವಾಗುವುದಿಲ್ಲ ಎಂಬ ತತ್ವವನ್ನು ನೀವೆಲ್ಲ ಅವನ ಹೆಸರಿನಲ್ಲೇ ಓದಿದ್ದೀರಿ. ಆ ಕಾಲದ ತ್ರಾಸುಗಳಲ್ಲಿ ಉಕ್ಕಿನ ಅಲಗೇ ಹೆಚ್ಚು. ಉಕ್ಕು ಹರಿತವಾಗುತ್ತದೆ, ನಿಜ. ಆದರೆ ಆಮ್ಲದ ಹಬೆ ಸದಾ ತುಂಬಿರುವ ಪ್ರಯೋಗಶಾಲೆಯಲ್ಲಿ ಅದಕ್ಕೆ ತುಕ್ಕು ಹಿಡಿಯದೆ ಬಿಟ್ಟೀತೆ? ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ರಾಬಿನ್ಸನ್, ಅನಂತರ ಅರ್ಟ್ಲಿಂಗ್, ಹ್ಯಾಂಬರ್ಗಿನ ಪಾಲ್ ಬುಂಗೆ, ಗಾಟಿಂಗೆನ್ನಿನ ಸಾರ್ಟೋರಿಯಸ್ ಮೊದಲಾದವರ ಕೈಯಲ್ಲಿ ತ್ರಾಸು ಬೆಳೆಯುತ್ತ ಹೋದಂತೆ ಅಗೇಟ್ ಕಲ್ಲು, ನಮ್ಮಲ್ಲಿ ಅಕೀಕು ಎನ್ನುತ್ತಾರಲ್ಲ ಅದು, ಅಲಗಿನ ಸ್ಥಾನಕ್ಕೆ ಬಂತು. ತುಕ್ಕಿಲ್ಲ, ಆಮ್ಲದ ಭಯವಿಲ್ಲ, ಉಂಗುರದ ಹರಳಿನಂತೆ ನುಣುಪು.

ಇಲ್ಲೇ ಒಂದು ವಿಚಿತ್ರವಿದೆ. ಅಗೇಟ್ ಎಂಬುದು ರಾಸಾಯನಿಕವಾಗಿ ಏನು? ಸಿಲಿಕ. ಅತಿಸೂಕ್ಷ್ಮ ಹರಳುಗಳು ಒತ್ತಾಗಿ ಸೇರಿದ ಬೆಣಚು. ಅದರ ಗಡಸುತನ ಮೋಸ್ ಮಾಪಕದಲ್ಲಿ ಆರೂವರೆಯಿಂದ ಏಳು. ಕೋಲಾರದ ಚಿನ್ನ ಅಡಗಿದ್ದುದು ಯಾವುದರಲ್ಲಿ? ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಅದರ ಗಡಸುತನ ಏಳು. ಗಣಿಯಿಂದ ಹಾರಿಬರುವ ಧೂಳಿನ ಚೂಪು ಕಣವೂ ಅದನ್ನು ತಡೆದುಕೊಳ್ಳಬೇಕಾದ ಅಲಗೂ ಒಂದೇ ಕಲ್ಲಿನ ಮಕ್ಕಳು. ಮೆತ್ತನೆಯ ಸೀಮೆಸುಣ್ಣದ ಧೂಳು ಅಲಗಿಗೆ ಅಂಟಬಹುದು, ಗೀರಲಾರದು. ಬೆಣಚಿನ ಧೂಳು ಗೀರುತ್ತದೆ. ವಜ್ರವನ್ನು ವಜ್ರದಿಂದ ಕೊಯ್ಯುವ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇದೇ ಧೂಳು ಕಲ್ಲಿನ ಅಲಗನ್ನಷ್ಟೇ ಅಲ್ಲ, ಮನುಷ್ಯನ ಶ್ವಾಸಕೋಶವನ್ನೂ ಗೀರುತ್ತದೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. 1940ರಿಂದ 1946ರವರೆಗೆ ಕೋಲಾರದ ಗಣಿ ಕಾರ್ಮಿಕರನ್ನು ಸಾವಿರಾರು ಸಂಖ್ಯೆಯಲ್ಲಿ ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ರೋಗ ಕಂಡುಬಂತು. ಬೆಣಚಿನ ಧೂಳು ಎದೆಯಲ್ಲಿ ನೆಲೆಸಿ, ಉಸಿರಾಟವನ್ನೇ ಕ್ಷೀಣಗೊಳಿಸುವ, ಮರಳಿ ಗುಣವಾಗದ ರೋಗ ಅದು. ತ್ರಾಸಿಗೆ ಗಾಜಿನ ಮನೆ ನಾಲ್ಕು ಶತಮಾನಗಳ ಹಿಂದೆಯೇ ದೊರೆತಿತ್ತು.

ಗಾಜಿನ ಮನೆ ಇದ್ದರೆ ಸಾಲದು, ಅದನ್ನು ನಡೆಸುವ ಕ್ರಮವೂ ಬೇಕು. ಅಸ್ಸೇ ಕಚೇರಿಗಳ ಕಟ್ಟಡದ ರಚನೆಯಲ್ಲೇ ಈ ಕ್ರಮ ಕಾಣುತ್ತದೆ. ಅದಿರು ಅರೆಯುವ ಕೊಠಡಿ ಒಂದು ತುದಿ, ಕುಲುಮೆ ನಡುವೆ, ತ್ರಾಸಿನ ಕೊಠಡಿ ಇನ್ನೊಂದು ತುದಿ. ಅರೆಯುವ ಕೋಣೆಯ ಬಾಗಿಲು ತ್ರಾಸಿನ ಕೋಣೆಗೆ ನೇರವಾಗಿ ತೆರೆಯಬಾರದು. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಜಲಗಾರರ ಮಾತು ನೆನಪಿದೆಯೆ? ಅಕ್ಕಸಾಲಿಗನ ಕಸದಂತೆ ಇಲ್ಲಿನ ಧೂಳಿನಲ್ಲೂ ಚಿನ್ನವಿದೆ. ಶ್ರೀಮಂತ ಅದಿರಿನ ಪುಡಿ ಒಂದು ಚಿಟಿಕೆ ಹಾರಿ ಬಡ ಅದಿರಿನ ಮೂಸೆಗೆ ಬಿದ್ದರೆ, ತ್ರಾಸು ಎಷ್ಟೇ ನಿಖರವಾಗಿದ್ದರೂ ಉತ್ತರ ತಪ್ಪು. ಆದ್ದರಿಂದಲೇ ಏನೂ ಚಿನ್ನವಿಲ್ಲದ ಮರಳನ್ನು ಅದಿರಿನಂತೆಯೇ ಪರೀಕ್ಷೆಗೆ ಒಡ್ಡಿ, ಶೂನ್ಯ ಬರುತ್ತದೆಯೇ ಎಂದು ನೋಡುವುದು ರೂಢಿ. ಒಂದೇ ಪುಡಿಯನ್ನು ಎರಡೆರಡು ಸಲ ಪರೀಕ್ಷಿಸುವುದೂ ಇದೆ. ನಿಜ ಹೇಳಬೇಕೆಂದರೆ ತ್ರಾಸಿನ ತಪ್ಪಿಗಿಂತ, ಬಂಡೆಯಿಂದ ಮಾದರಿ ಆಯುವಲ್ಲಿನ ತಪ್ಪೇ ಎಷ್ಟೋ ಸಲ ದೊಡ್ಡದು. ಹಾಗೆಂದು ತ್ರಾಸನ್ನು ಕಡೆಗಣಿಸಿದ ಪರೀಕ್ಷಕನಿಗೆ ತಪ್ಪು ಎಲ್ಲಿಂದ ಬಂತೆಂದು ಹೇಳುವ ದಾರಿಯೇ ಮುಚ್ಚಿಹೋಗುತ್ತದೆ.

ಈಗ ನಮ್ಮ ಮೇಷ್ಟರ ಆಜ್ಞೆಗಳಿಗೆ ಮರಳಬಹುದು. ದಂಡವನ್ನು ಇಳಿಸದೆ ತಟ್ಟೆ ಮುಟ್ಟಬಾರದೇಕೆ? ಗುಂಡಿ ತಿರುಗಿಸಿದಾಗ ದಂಡವು ಅಲಗಿನಿಂದ ಬಿಡುಗಡೆಯಾಗಿ ಒಂದು ಆಸರೆಯ ಮೇಲೆ ಕೂರುತ್ತದೆ. ಅಲಗು ಹಲಗೆಗೆ ತಾಗುವುದು ತೂಗುವ ಕೆಲವು ಕ್ಷಣಗಳು ಮಾತ್ರ. ಉಳಿದ ಹೊತ್ತೆಲ್ಲ ವಿಶ್ರಾಂತಿ. ಆಸರೆಯಿಲ್ಲದೆ ಬೊಟ್ಟನ್ನು ಇಟ್ಟರೆ ಆ ಕುಲುಕಾಟ ಅಲಗಿನ ಅಂಚನ್ನು ಹಲಗೆಗೆ ತಿಕ್ಕುತ್ತದೆ, ನಡುವೆ ಬೆಣಚಿನ ಕಣವಿದ್ದರೆ ಮುಗಿಯಿತು. ಬುಂಗೆ 1866ರಲ್ಲಿ ತಂದ ಗಿಡ್ಡ ದಂಡದ ತ್ರಾಸಿನ ಮಹತ್ವವೂ ಇಲ್ಲಿದೆ. ಉದ್ದ ದಂಡವಿದ್ದರೇ ಸೂಕ್ಷ್ಮ ಎಂಬ ಹಳೆಯ ನಂಬಿಕೆಯನ್ನು ಅವನು ಮುರಿದ. ಗಿಡ್ಡದಾದ, ಹಗುರವಾದ ದಂಡ ಅಷ್ಟೇ ಸೂಕ್ಷ್ಮವಾಗಿದ್ದು ಬಹು ಬೇಗ ತೂಗಾಡಿ ಮುಗಿಸುತ್ತದೆ. ಬೇಗ ಮುಗಿದರೆ ಅಲಗು ಭಾರ ಹೊರುವ ಹೊತ್ತೂ ಕಡಿಮೆ. ದಂಡದ ಮೇಲೆ ಕೂರುವ ತಂತಿಯ ಪುಟ್ಟ ಸವಾರ, ಅದೇ ರೈಡರ್, ಇನ್ನೊಂದು ಉಪಾಯ. ಹೊರಗಿನಿಂದಲೇ ಒಂದು ಕಡ್ಡಿಯ ಮೂಲಕ ಅದನ್ನು ಸರಿಸಬಹುದಾದ್ದರಿಂದ, ಕೊನೆಯ ಮಿಲಿಗ್ರಾಮುಗಳಿಗಾಗಿ ಗಾಜಿನ ಬಾಗಿಲನ್ನು ಮತ್ತೆ ಮತ್ತೆ ತೆರೆಯಬೇಕಾಗಿಲ್ಲ.

ಬಾಯಿಂದ ಊದಬಾರದು, ಏಕೆಂದರೆ ಉಸಿರಿನ ತೇವ ತಟ್ಟೆಯ ಮೇಲೆ ಕೂರುತ್ತದೆ, ಊದಿದ ಧೂಳು ನೇರವಾಗಿ ಅಲಗಿನತ್ತ ಹಾರುತ್ತದೆ. ಬಿಸಿಯಾದ ಮೂಸೆಯನ್ನು ತೂಗಬಾರದು, ಏಕೆಂದರೆ ಅದರ ಸುತ್ತ ಮೇಲೇಳುವ ಗಾಳಿ ತಟ್ಟೆಯನ್ನು ಎತ್ತಿ ತೂಕವನ್ನು ಕಡಿಮೆ ತೋರಿಸುತ್ತದೆ. ಒಣ ಬಟ್ಟೆಯಿಂದ ಗಾಜನ್ನು ತಿಕ್ಕಿ ಒರೆಸಿದೊಡನೆ ತೂಗಬಾರದೆಂಬುದು ಅನೇಕರಿಗೆ ಗೊತ್ತಿಲ್ಲದ ನಿಯಮ. ಮಾರ್ಚ್, ಏಪ್ರಿಲ್ ತಿಂಗಳ ಒಣ ಹವೆಯಲ್ಲಿ ತಿಕ್ಕಿದ ಗಾಜು ವಿದ್ಯುದಾವೇಶ ಪಡೆದು, ಸುತ್ತಲಿನ ಧೂಳನ್ನೆಲ್ಲ ತನ್ನೆಡೆಗೆ ಸೆಳೆಯುತ್ತದೆ, ತಟ್ಟೆಯನ್ನೂ ಎಳೆಯುತ್ತದೆ. ಶುಚಿ ಮಾಡಲು ಹೋಗಿ ಧೂಳನ್ನು ಕರೆದಂತೆ. ನಮ್ಮ ಪ್ರಯೋಗಶಾಲೆಯಲ್ಲಿ ಒಬ್ಬ ಉತ್ಸಾಹಿ ಗೆಳೆಯ ಪರೀಕ್ಷೆಯ ದಿನ ಹೀಗೇ ಗಾಜನ್ನು ಫಳಫಳ ಉಜ್ಜಿ, ಮುಕ್ಕಾಲು ಗಂಟೆ ಶೂನ್ಯ ಸಿಗದೆ ಪರದಾಡಿದ್ದ. ಪೆಟ್ಟಿಗೆಯ ಮೂಲೆಯಲ್ಲಿ ಇಡುವ ನೀಲಿ ಹರಳುಗಳು ತೇವ ಹೀರುವ ಸಿಲಿಕ ಜೆಲ್. ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಬೇಕು. ನೋಡಿ, ಅಲ್ಲೂ ಸಿಲಿಕವೇ! ಅಲಗಾಗಿ ದುಡಿಯುತ್ತದೆ, ಧೂಳಾಗಿ ಕಾಡುತ್ತದೆ, ಜೆಲ್ ಆಗಿ ಕಾವಲು ಕಾಯುತ್ತದೆ.

ತೂಕದ ಬೊಟ್ಟುಗಳ ಕಥೆ ಇನ್ನೂ ಬಿಕ್ಕಟ್ಟಿನದು. ಧೂಳು ಕೂತರೆ ತೂಕ ಹೆಚ್ಚುತ್ತದೆ, ಉಜ್ಜಿದರೆ ಲೋಹ ಸವೆದು ಕಡಿಮೆಯಾಗುತ್ತದೆ. ಜಗತ್ತಿನಲ್ಲೇ ಅತ್ಯಂತ ಜೋಪಾನವಾಗಿ ಕಾಪಾಡಿದ ಬೊಟ್ಟಿಗೂ ಇದು ತಪ್ಪಿದ್ದಲ್ಲ. ಪ್ಯಾರಿಸಿನ ಬಳಿಯ ಸೆವ್ರ್ ಎಂಬಲ್ಲಿ, ಪ್ಲಾಟಿನಂ ಮತ್ತು ಇರಿಡಿಯಂ ಮಿಶ್ರಲೋಹದ ಒಂದು ಉರುಳೆಯನ್ನು 1889ರಲ್ಲಿ ಜಗತ್ತಿನ ಕಿಲೋಗ್ರಾಂ ಎಂದು ಘೋಷಿಸಿ, ಒಂದರ ಮೇಲೊಂದರಂತೆ ಮೂರು ಗಾಜಿನ ಗಂಟೆಗಳಡಿ ಮುಚ್ಚಿ, ನೆಲಮಾಳಿಗೆಯಲ್ಲಿಟ್ಟು ಬೀಗ ಹಾಕಲಾಯಿತು. ಅಷ್ಟಾದರೂ ಗಾಳಿಯ ಮಲಿನತೆ ಅದರ ಮೈಗೆ ಅಂಟುತ್ತಲೇ ಹೋಯಿತು, ವರ್ಷಕ್ಕೆ ಸುಮಾರು ಒಂದು ಮೈಕ್ರೋಗ್ರಾಮಿನಂತೆ. ಮೃದುವಾದ ತೊಗಲನ್ನು ಈಥರ್ ಮತ್ತು ಆಲ್ಕೊಹಾಲಿನಲ್ಲಿ ನೆನೆಸಿ ಒರೆಸಿ, ಶುದ್ಧ ನೀರಿನ ಹಬೆಯಲ್ಲಿ ತೊಳೆಯುವ ವಿಧಿಯನ್ನೇ ಅದಕ್ಕಾಗಿ ರೂಪಿಸಬೇಕಾಯಿತು. 1988ರಿಂದ 1992ರವರೆಗೆ ನಡೆದ ಹೋಲಿಕೆಯಲ್ಲಿ, ತೊಳೆದ ಮೇಲೂ ಆ ಮೂಲ ಉರುಳೆಗೂ ಅದರ ಅಧಿಕೃತ ಪ್ರತಿಗಳಿಗೂ ನಡುವೆ ನೂರು ವರ್ಷಗಳಲ್ಲಿ ಸರಾಸರಿ 50 ಮೈಕ್ರೋಗ್ರಾಮಿನಷ್ಟು ಅಂತರ ಬೆಳೆದಿರುವುದು ತಿಳಿಯಿತು. ಕೂಡಿದ್ದು ಯಾವುದು, ಕಳೆದದ್ದು ಯಾವುದು ಎಂದು ಹೇಳಲು ಬೇರೆ ಅಳತೆಗೋಲೇ ಇರಲಿಲ್ಲ. 2019ರ ಮೇ 20ರಿಂದ ಕಿಲೋಗ್ರಾಮನ್ನು ಪ್ಲಾಂಕ್ ಸ್ಥಿರಾಂಕದ ಮೂಲಕ ನಿರೂಪಿಸಲಾಗಿದ್ದು, ಆ ಉರುಳೆ ಜಗತ್ತಿನ ಭಾರ ಹೊರುವ ಕೆಲಸದಿಂದ ನಿವೃತ್ತಿ ಪಡೆಯಿತು. ಅದರ ಅಧಿಕೃತ ಪ್ರತಿಗಳಲ್ಲಿ 57ನೆಯದು ಭಾರತದ ಪಾಲಿನದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ.

ಅಲಗಿನ ಯುಗವೂ ಮುಗಿಯುತ್ತ ಬಂತು. ಸ್ವಿಟ್ಜರ್ಲೆಂಡಿನ ಎರ್ಹಾರ್ಡ್ ಮೆಟ್ಲರ್ 1945ರಲ್ಲಿ ಒಂದೇ ತಟ್ಟೆಯ ತ್ರಾಸನ್ನು ತಂದರು. ಬೋರ್ಡನ ಬದಲಿ ತತ್ವವನ್ನೇ ಯಂತ್ರದೊಳಗೆ ಅಡಗಿಸಿಟ್ಟಂಥ ರಚನೆ ಅದು. ಬೊಟ್ಟುಗಳು ಒಳಗೇ ಇರುವುದರಿಂದ ಕೈಯ ಜಿಡ್ಡಾಗಲಿ ಕೋಣೆಯ ಧೂಳಾಗಲಿ ಅವಕ್ಕೆ ಸುಲಭವಾಗಿ ತಗುಲುವುದಿಲ್ಲ. ಇಂದಿನ ಎಲೆಕ್ಟ್ರಾನಿಕ್ ತ್ರಾಸುಗಳಲ್ಲಿ ಅಲಗೇ ಇಲ್ಲ. ವಸ್ತುವಿನ ಭಾರವನ್ನು ಕಾಂತಕ್ಷೇತ್ರದಲ್ಲಿರುವ ಸುರುಳಿಯೊಂದರ ವಿದ್ಯುತ್ಪ್ರವಾಹ ಎದುರಿಸಿ ನಿಲ್ಲಿಸುತ್ತದೆ, ಆ ಪ್ರವಾಹವೇ ತೂಕವಾಗಿ ಪರದೆಯ ಮೇಲೆ ಮೂಡುತ್ತದೆ. ಧೂಳಿಗೆ ಇಲ್ಲೂ ದಾರಿ ಸಿಕ್ಕಿದೆ. ಕಾಂತದ ಕಿರಿದಾದ ಸಂದಿಗೆ ಕಬ್ಬಿಣದ ಸೂಕ್ಷ್ಮ ಪುಡಿ ಒಮ್ಮೆ ನುಗ್ಗಿದರೆ ಕಾಂತ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಕುಂಚಕ್ಕೆ ಅದು ಎಟುಕುವುದೂ ಇಲ್ಲ.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಯವರೆಗಿನ ಸುಮಾರು 120 ವರ್ಷಗಳಲ್ಲಿ ಅದು ಕೊಟ್ಟ ಚಿನ್ನ 800 ಟನ್ನುಗಳಷ್ಟು ಎನ್ನುತ್ತಾರೆ. ಹಿಂದೆ ಉಳಿದ 13 ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿಯಿದೆ, ಅದರಲ್ಲಿ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನ. ಅದನ್ನೂ ಹಿಂಡಿ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆ ಧೂಳಿನ 30 ಗ್ರಾಮಿನಿಂದ ಸಿಗುವ ಚಿನ್ನ ಮಿಲಿಗ್ರಾಮಿನ ನೂರನೆಯ ಎರಡು ಮೂರು ಭಾಗ. ತೂಗುವುದಕ್ಕೂ ಅದು ತೀರ ಚಿಕ್ಕದು. ಇಷ್ಟು ಬಡ ಅದಿರುಗಳಿದ್ದಾಗ ಈಗಿನ ಪ್ರಯೋಗಶಾಲೆಗಳಲ್ಲಿ ಮಣಿಯನ್ನು ಆಮ್ಲರಾಜದಲ್ಲಿ ಕರಗಿಸಿ, ಆ ದ್ರಾವಣವನ್ನು ಬಿಸಿಯಲ್ಲಿ ಪರಮಾಣುಗಳ ಆವಿಯಾಗಿಸಿ ಆ ಆವಿಯ ಮೂಲಕ ಬೆಳಕು ಹಾಯಿಸುವ ಪರಮಾಣು ಹೀರಿಕೆಯ ಉಪಕರಣದಲ್ಲಿ ಚಿನ್ನವನ್ನು ಅಳೆಯುತ್ತಾರೆ. ಆದರೂ ಮೊದಲ 30 ಗ್ರಾಂ ಪುಡಿಯನ್ನು ತೂಗಲೇಬೇಕು.

ನಿಮ್ಮ ಕಾಲೇಜಿನ ಬೀರುವಿನ ಮೇಲೆ ಹಳೆಯ ಎರಡು ತಟ್ಟೆಯ ತ್ರಾಸು ಇನ್ನೂ ಇದ್ದರೆ, ಮೇಷ್ಟರ ಅನುಮತಿ ಪಡೆದು ಅದನ್ನು ಕೆಳಗಿಳಿಸಿ. ಕುಂಚದಿಂದ ತಟ್ಟೆಗಳನ್ನು ಸವರಿ, ಪಾದದ ತಿರುಪುಗಳಿಂದ ಮಟ್ಟ ಮಾಡಿ, ಬಾಗಿಲು ಮುಚ್ಚಿ, ಗುಂಡಿಯನ್ನು ಮೆಲ್ಲಗೆ ತಿರುಗಿಸಿ. ಮುಳ್ಳು ಎಡಕ್ಕೆ, ಬಲಕ್ಕೆ ಎಲ್ಲೆಲ್ಲಿಯವರೆಗೆ ಹೋಗಿ ಮರಳುತ್ತದೆಂದು ಐದು ಸಲ ಬರೆದುಕೊಂಡು ನಡುವಿನ ಬಿಂದುವನ್ನು ಕಂಡುಹಿಡಿಯಿರಿ. ದಂಡವನ್ನು ಇಳಿಸಿ, ಮತ್ತೆ ಬಿಟ್ಟು, ಇನ್ನೆರಡು ಬಾರಿ ಹೀಗೆಯೇ ಮಾಡಿ. ಮೂರು ಸಲವೂ ಬಿಂದು ಒಂದೇ ಕಡೆ, ಆದರೆ ಶೂನ್ಯದಿಂದ ಪಕ್ಕಕ್ಕೆ ಬಂದರೆ ಧೂಳು ತಟ್ಟೆಯಲ್ಲಿದೆ. ಮೂರು ಸಲ ಮೂರು ಕಡೆ ಬಂದರೆ ಒಂದು ಭೂತಗನ್ನಡಿ ತಂದು ಅಲಗನ್ನು ನೋಡಿ.